ಬುಗುರಿ ನಿಂತ ಮನೆ

ಸೆಪ್ಟೆಂಬರ್ ೩, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ತಮ್ಮನ ಹೆಂಡತಿಯನ್ನು ತಂಗಿ ಎಂದು ಕರೆಯುವುದು ಯಾವ ಸೀಮೆಯ ಸಂಬಂಧ ಅಂತ ಮದುವೆಯಾದ ಹೊಸತರಲ್ಲಿ ನೀನು ನಕ್ಕಿದ್ದೆ. ಹತ್ತು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಪತ್ರ ತಡವಾಯಿತು, ಮುನಿಸಿಕೊಳ್ಳಬೇಡ. ಆರು ವಾರ ಯಾರೂ ಬರೆಯುವುದು ಬೇಡ, ಬರುವುದೂ ಬೇಡ ಅಂತ ನಿನ್ನ ಆರೋಗ್ಯಧಾಮದ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಆಮೇಲಿನ ಎರಡು ವಾರದ ತಪ್ಪು ಮಾತ್ರ ನನ್ನದೇ. ಗ್ರಂಥಾಲಯದವರು ಮುನ್ನೂರು ಹರಿದ ಪುಸ್ತಕ ತಂದು ಸುರಿದು ಹೋಗಿದ್ದಾರೆ. ಕೆಳಗೆ ಬೈಂಡಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಗಲೆಲ್ಲ ಹೊಲಿದು, ಅಂಟಿಸಿ, ಒತ್ತುಯಂತ್ರದ ಹಿಡಿ ತಿರುಗಿಸಿ ಮೇಲೆ ಹತ್ತಿ ಬಂದರೆ ಬೆರಳುಗಳು ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ. ಈ ಹಾಳೆಯ ಮೇಲೆ ಎಲ್ಲಾದರೂ ಅಂಟಿನ ಕಲೆ ಕಂಡರೆ ಕಣ್ಣೀರು ಅಂದುಕೊಂಡು ಗಾಬರಿಯಾಗಬೇಡ.

ನೀನು ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗುವುದನ್ನು ಬಿಟ್ಟೆಯಾ? ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಹಾಳೆಯ ಮೇಲೆ ಒಂದು ಗೆರೆ ಎಳೆದು ಕಳಿಸು, ಸಾಕು.

ನಿನ್ನ ಗಂಡ ಆರಾಮ. ಅದೇ ಶೀತಲ ಗೋದಾಮು, ಅದೇ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಮಂಜುಗಡ್ಡೆಯಂಥ ಕೈಕಾಲು ಎಳೆದುಕೊಂಡು ಬರುತ್ತಾನೆ, ಆ ದಪ್ಪ ಪರದೆಗಳನ್ನೆಲ್ಲ ಎಳೆದು ನಾಲ್ಕು ಗಂಟೆಯವರೆಗೆ ಮಲಗುತ್ತಾನೆ. ನಿನ್ನ ಮಾತೆತ್ತಿದರೆ ಎದ್ದು ಹೋಗಿ ನೀರು ಕುಡಿಯುತ್ತಾನೆ. ಒಂದು ದಿನಕ್ಕೆ ಎಷ್ಟು ನೀರು ಕುಡಿದಾನು ಪಾಪ.

ಈಗ ನೀನು ಕಾಯುತ್ತಿರುವ ಸಮಾಚಾರ. ನಮ್ಮ ಬುಗುರಿಯದು, ನಿನ್ನ ಮಗಳದು.

ನೀನು ಹೋದ ವಾರವೇ ಶಾಲೆಯಿಂದ ಮತ್ತೆ ಕರೆ ಬಂದಿತ್ತು. ಎಂಟು ವರ್ಷದ ಮಗುವಿಗೆ ಇದು ಮೂರನೇ ಶಾಲೆ, ಇಲ್ಲೂ ಅದೇ ರಾಗ. ಕೂತಲ್ಲಿ ಕೂರುವುದಿಲ್ಲ, ಕೇಳಿದ್ದು ಮುಗಿಯುವ ಮುಂಚೆ ಉತ್ತರ ಹೇಳುತ್ತಾಳೆ, ಉತ್ತರ ಮುಗಿಯುವ ಮುಂಚೆ ಕಿಟಕಿಯ ಹತ್ತಿರ ಇರುತ್ತಾಳೆ, ಪೆನ್ಸಿಲ್ ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನಕ್ಕಿಲ್ಲ. ಟೀಚರಮ್ಮ ಕೈಮುಗಿದು ಹೇಳಿದರು: "ಐವತ್ತೆರಡು ಮಕ್ಕಳಿದಾರಮ್ಮ ನಂಗೆ. ಇವಳೊಬ್ಬಳಿಂದ ಐವತ್ತೊಂದು ಮಕ್ಕಳ ತಲೆ ತಿರುಗ್ತದೆ." ಅವರೇ ಮಕ್ಕಳ ಡಾಕ್ಟರ ವಿಳಾಸ ಬರೆದುಕೊಟ್ಟರು.

ಆ ಡಾಕ್ಟರು ಮಗುವನ್ನು ನೋಡಿದ್ದಕ್ಕಿಂತ ನನ್ನನ್ನು ವಿಚಾರಣೆ ಮಾಡಿದ್ದೇ ಹೆಚ್ಚು. ಮಗು ಎಷ್ಟು ಹೊತ್ತು ಮಲಗುತ್ತೆ? ಮನೇಲಿ ಜಗಳ ಆಗುತ್ತಾ? ಎಷ್ಟು ಸಲ ಮನೆ ಬದಲಾಯಿಸಿದೀರಿ? ಓಡಿ ಆಡೋಕೆ ಜಾಗ ಇದೆಯಾ? ಅವರಪ್ಪ ಚಿಕ್ಕವರಿದ್ದಾಗ ಹೇಗಿದ್ರು? "ಅವನು ನೆಲದ ಮೇಲೆ ಕಂಡದ್ದೇ ಕಡಿಮೆ ಸ್ವಾಮಿ, ಯಾವಾಗಲೂ ಮಾಳಿಗೆ ಮೇಲೆ" ಎಂದೆ. ನಕ್ಕರು. ಆಮೇಲೆ ಇದಕ್ಕೊಂದು ಹೆಸರಿದೆ ಅಂದರು, ಗಮನ ನಿಲ್ಲದಿರುವುದು, ಅತಿ ಚಟುವಟಿಕೆ. "ಇದು ಯಾರ ತಪ್ಪೂ ಅಲ್ಲ. ಕೆಲವು ಮಕ್ಕಳು ಹುಟ್ಟೋದೇ ಹೀಗೆ. ಆದ್ರೆ ಮನೆ, ನಿದ್ದೆ, ಜಗಳ, ಶಾಲೆ, ಇವೆಲ್ಲ ಅದನ್ನ ದೊಡ್ಡದು ಮಾಡಬಹುದು, ಚಿಕ್ಕದೂ ಮಾಡಬಹುದು" ಎಂದರು. ನನಗೆ ಕೋಪವೇ ಬಂತು. ಮನೆಯ ಮಾತು ಹೊರಗಿನವರಿಗೇಕೆ? ಎರಡು ಕೋಣೆಯ ಮನೆ, ಹಗಲು ಮಲಗುವ ಅಪ್ಪ, ಮಗು ಕಾಲು ಕೆಳಗಿಟ್ಟರೆ "ಶ್" ಅನ್ನುವ ನಾವು ಮೂವರು. ಅವಳು ಮೊದಲು ಕಲಿತದ್ದು ಅಮ್ಮ ಅನ್ನುವ ಮಾತಲ್ಲ, ಈ "ಶ್" ಅನ್ನುವುದೇ ಅಂತ ನೀನೇ ಒಮ್ಮೆ ಹೇಳಿದ್ದೆ. ಇದನ್ನೆಲ್ಲ ಆ ಡಾಕ್ಟರ ಮುಂದೆ ಹರಡಿ ಕೂರಲಾಗುತ್ತದೆಯೇ? ಇನ್ನೊಮ್ಮೆ ಬನ್ನಿ ಅಂದರು. ಹೋಗಲಿಲ್ಲ.

ಹೋಗುವ ಅಗತ್ಯವೇ ಬೀಳಲಿಲ್ಲ, ತಂಗಿ. ನಂಬುತ್ತೀಯಾ, ಬುಗುರಿ ನಿಂತಿದ್ದಾಳೆ! ತಾನಾಗಿಯೇ. ಜುಲೈ ಮುಗಿಯುವ ಹೊತ್ತಿಗೆ ಮೆಲ್ಲಗೆ ಶುರುವಾಯಿತು. ಈಗ ಶಾಲೆಯಿಂದ ಬಂದು ಕೈಕಾಲು ತೊಳೆದು ಹೊರಕೋಣೆಯ ನೀಲಿ ಕುರ್ಚಿಯಲ್ಲಿ ಕೂತರೆ ಅವರಪ್ಪ ಏಳುವವರೆಗೂ ಕೂತೇ ಇರುತ್ತಾಳೆ. ಎರಡು ಕೈ ಮೊಣಕಾಲ ಮೇಲೆ, ಬೆನ್ನು ನೆಟ್ಟಗೆ. ಒಂದು ಲೋಟ ಬಿದ್ದಿಲ್ಲ, ಒಂದು ಬಾಗಿಲು ಬಡಿದಿಲ್ಲ. ಮೊನ್ನೆ ಟೀಚರಮ್ಮ ಅವಳ ಅಂಗಿಗೆ ಚಿನ್ನದ ಬಣ್ಣದ ಕಾಗದದ ನಕ್ಷತ್ರ ಅಂಟಿಸಿ ಕಳಿಸಿದರು. ಪಕ್ಕದ ಮನೆಯ ದರ್ಜಿಯ ಹೆಂಡತಿ ನಿಂತು ನೋಡಿ, "ಏನ್ ಮದ್ದು ಹಾಕಿದ್ರಿ ಅಕ್ಕ? ನಮ್ಮವನಿಗೂ ಕೊಡಿ" ಅಂದಳು.

ನೀನು ಇಲ್ಲಿದ್ದು ಇದನ್ನು ನೋಡಬೇಕಿತ್ತು. ನಿನ್ನ ತಲೆಯ ಭಾರ ಅರ್ಧ ಇಳಿಯುತ್ತಿತ್ತು. ಅಮ್ಮ ವಿಶ್ರಾಂತಿಗೆ ಹೋಗಿದ್ದಾಳೆ ಅಂತ ಹೇಳಿದ್ದೇವೆ. ಅವಳು ಹೆಚ್ಚು ಕೇಳುವುದಿಲ್ಲ.

ಬೇಗ ಗುಣವಾಗು. ಮೈಮನಸ್ಸು ಎರಡೂ ಹಗುರವಾಗಲಿ.

ನಿನ್ನ
ಅತ್ತಿಗೆ

ಮರೆತಿದ್ದೆ: ನಿನ್ನೆ ಅವಳ ಕೆನ್ನೆಯ ಮೇಲೆ ನೊಣ ಕೂತಿತ್ತು. ಮೂಗಿನವರೆಗೆ ನಡೆದು, ಕಣ್ಣಿನ ಅಂಚಿಗೆ ಹೋಗಿ, ಅಲ್ಲೇ ಕೈ ಉಜ್ಜಿಕೊಂಡು ನಿಂತಿತು. ಅವಳು ಓಡಿಸಲಿಲ್ಲ. ನಾನೇ ಹೋಗಿ ಓಡಿಸಿದೆ.

*

ಸೆಪ್ಟೆಂಬರ್ ೨೧, ಗುರುವಾರ

ಪ್ರೀತಿಯ ತಂಗಿಗೆ,

ಆಶೀರ್ವಾದ. ನಿನ್ನ ಉತ್ತರ ಬಂದು ಹತ್ತು ದಿನವಾಯಿತು. ತಕ್ಷಣ ಬರೆಯಬೇಕಿತ್ತು. ಪೆನ್ನು ತೆಗೆದುಕೊಂಡು ಕೂತು ಏನು ಬರೆಯಲಿ ಅಂತ ಗೊತ್ತಾಗದೆ ಎದ್ದಿದ್ದೇನೆ, ಒಂದೆರಡು ಸಲವಲ್ಲ. ಅಷ್ಟು ಉದ್ದದ ನನ್ನ ಪತ್ರಕ್ಕೆ ನೀನು ಒಂದೇ ಸಾಲು ಬರೆದಿದ್ದೀಯ: "ನೊಣ ಎಷ್ಟು ಹೊತ್ತು ಕೂತಿತ್ತು?" ನೂರು ಮೈಲಿ ದೂರದಲ್ಲಿ ಮಲಗಿರುವವಳಿಗೆ ಕಂಡದ್ದು ಎದುರಿಗೇ ಇದ್ದ ನನಗೆ ಕಾಣಲಿಲ್ಲವಲ್ಲ. ನಾನು ಅವಳ ಮೌನ ನೋಡಿ ಹಿಗ್ಗುತ್ತಾ ಕೂತಿದ್ದೆ.

ಉತ್ತರ ಹೇಳುತ್ತೇನೆ. ಬಹಳ ಹೊತ್ತು ಕೂತಿತ್ತು.

ಆಮೇಲೆ ಕಣ್ಣು ಬಿಟ್ಟು ನೋಡತೊಡಗಿದೆ. ಅವಳು ನಡೆದರೆ ಈಗ ಸದ್ದಾಗುವುದಿಲ್ಲ. ನಮ್ಮ ಮರದ ಮೆಟ್ಟಿಲು ನಿನಗೆ ಗೊತ್ತಲ್ಲ, ಬೆಕ್ಕು ಹತ್ತಿದರೂ ಕಿರುಗುಟ್ಟುತ್ತದೆ. ಅವಳು ಯಾವ ಹಲಗೆಯ ಯಾವ ಮೂಲೆಯಲ್ಲಿ ಕಾಲಿಟ್ಟರೆ ಸದ್ದಾಗದು ಅಂತ ಕಲಿತುಬಿಟ್ಟಿದ್ದಾಳೆ. ಅಂಗಡಿಯಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿರುತ್ತೇನೆ, ಬೆನ್ನಿಗೆ ಏನೋ ತಣ್ಣಗಾದಂತೆ ಆಗಿ ತಿರುಗಿದರೆ ಒತ್ತುಯಂತ್ರದ ಪಕ್ಕ ನಿಂತಿರುತ್ತಾಳೆ. ಯಾವಾಗ ಬಂದಳೋ ಗೊತ್ತಿಲ್ಲ. "ಏನಮ್ಮಾ?" ಅಂದರೆ "ಏನಿಲ್ಲ ಅತ್ತೆ." ತುಟಿ ಅಲ್ಲಾಡುವುದೂ ಅಷ್ಟಕ್ಕಷ್ಟೆ.

ಹೋದ ವಾರ ಶಾಲೆಯಲ್ಲಿ ಅವಳ ಬೆಂಚಿನ ಜೊತೆಗಾತಿ ಅತ್ತು ರಂಪ ಮಾಡಿ ಬೇರೆ ಕಡೆ ಕೂತಳಂತೆ. ಟೀಚರಮ್ಮನೇ ಹೇಳಿದರು, ಸ್ವಲ್ಪ ನಗುತ್ತಾ, ಸ್ವಲ್ಪ ನಗದೆ. ಆ ಹುಡುಗಿಯ ದೂರು ಇಷ್ಟು: "ಮಿಸ್, ಅವಳು ಉಸಿರಾಡಲ್ಲ." ದರ್ಜಿಯ ಮಗ ಮೊದಲು ಇವಳ ಜೊತೆ ಬೀದಿ ತುಂಬ ಓಡುತ್ತಿದ್ದವನು, ಈಗ ನಮ್ಮ ಬಾಗಿಲು ದಾಟುವಾಗ ಅಮ್ಮನ ಸೆರಗು ಹಿಡಿದುಕೊಳ್ಳುತ್ತಾನೆ.

ಸೋಮವಾರ ನಡೆದದ್ದನ್ನು ಹೇಗೆ ಬರೆಯಲಿ. ಶಾಲೆ ಬಿಟ್ಟು ಅರ್ಧ ಗಂಟೆಯಾದರೂ ಬರಲಿಲ್ಲ ಅಂತ ಹುಡುಕಿಕೊಂಡು ಹೋದೆ. ತರಗತಿಯಲ್ಲಿ ಒಬ್ಬಳೇ ಕೂತಿದ್ದಳು. ಎಲ್ಲರೂ ಹೋಗಿದ್ದರು, ಜಾಡಮಾಲಿ ಹಿಂದಿನ ಸಾಲಿನ ಬೆಂಚುಗಳನ್ನು ಮಗುಚುತ್ತಿದ್ದಳು. ಇವಳ ಬೆಂಚಿನ ಕೆಳಗೆ ನೆಲ ಒದ್ದೆಯಾಗಿತ್ತು. ಬೆಳಗಿನಿಂದ ಎದ್ದಿರಲಿಲ್ಲ ನೋಡು. "ಮಿಸ್ಸನ್ನ ಕೇಳಬಾರದಿತ್ತಾ ಪುಟ್ಟಾ?" ಎಂದೆ. "ಕೇಳೋಕೆ ಏಳಬೇಕಲ್ಲ" ಎಂದಳು. ನಾಚಿಕೆಯಿಲ್ಲ, ಅಳುವಿಲ್ಲ. ಎತ್ತಿಕೊಂಡು ಬಂದೆ. ಎಂಟು ವರ್ಷದವಳು ಅಷ್ಟು ಹಗುರ ಇರಬಾರದು.

ಈಗ ಬರೆಯುವುದನ್ನು ಓದಿ ನಿನ್ನ ಅತ್ತಿಗೆಗೂ ಅಲ್ಲೊಂದು ಹಾಸಿಗೆ ಬೇಕು ಅಂದುಕೊಳ್ಳಬೇಡ. ನಿನ್ನೆ ಬುಧವಾರ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ. ಒಳಗೆ ನನ್ನ ತಮ್ಮ ಮಲಗಿದ್ದ. ಪರದೆ ಎಳೆದಿತ್ತು, ಹೊರಗೆ ಉರಿಬಿಸಿಲಿದ್ದರೂ ಹೊರಕೋಣೆಯಲ್ಲಿ ಬಾವಿಯೊಳಗಿನಂಥ ಬೆಳಕು. ಬುಗುರಿ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು, "ದಿನಾ ಹೀಗೆ ಕೂತು ಏನ್ ಮಾಡ್ತೀಯೇ?" ಎಂದು ಕೇಳಿದೆ.

"ಶ್. ಬರೋ ಹೊತ್ತಾಯ್ತು."

"ಯಾರು?"

"ಅಮ್ಮ."

ಅವಳು ಬಾಗಿಲಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು: "ನಾನು ಪೂರ್ತಿ ಅಲ್ಲಾಡದೆ ಇದ್ರೆ ಮೆಟ್ಟಿಲು ಹತ್ತಿ ಬರ್ತಾಳೆ. ನಿನ್ನೆ ಏಳು ಮೆಟ್ಟಿಲು ಬಂದಿದ್ಲು. ಅಷ್ಟ್ರಲ್ಲಿ ನಂಗೆ ಕೆಮ್ಮು ಬಂತು. ವಾಪಸ್ ಹೋದ್ಲು."

ಬೈಯಬೇಕು, ತಬ್ಬಿಕೊಳ್ಳಬೇಕು, ಪರದೆ ಸರಿಸಬೇಕು, ಏನೆಲ್ಲ ಅನ್ನಿಸಿತು. ಆದರೆ ಯಾಕೋ ನಾನೂ ಅವಳ ಹಾಗೆಯೇ ಕೂತುಬಿಟ್ಟೆ. ಎಷ್ಟು ಹೊತ್ತೋ. ಒಳಗೆ ತಮ್ಮನ ಗೊರಕೆ, ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ. ಆಮೇಲೆ ಅವೂ ಇಲ್ಲ. ಆಗ ಕೆಳಗಿನ ಮೆಟ್ಟಿಲು ಕಿರುಗುಟ್ಟಿತು. ಅದರ ಮೇಲಿನದು. ಅದರ ಮೇಲಿನದು. ರಬ್ಬರ್ ಚಪ್ಪಲಿಯ ಸದ್ದು, ಎಡಗಾಲಿನದು ಸ್ವಲ್ಪ ಎಳೆದ ಹಾಗೆ. ಹೆರಿಗೆಯಾದ ಮೇಲೆ ನೀನು ಎಡಗಾಲು ಎಳೆದು ಹಾಕುತ್ತೀಯಲ್ಲ, ಹಾಗೇ. ಬಾಗಿಲ ಆಚೆ ಬಂದು ನಿಂತಿತು.

ನಾನು ದಡಕ್ಕನೆ ಎದ್ದು ಬಾಗಿಲು ತೆಗೆದೆ. ಯಾರೂ ಇಲ್ಲ. ಕೆಳಗಿಳಿದು ನೋಡಿದೆ, ಅಂಗಡಿಯ ಬಾಗಿಲಿಗೆ ನಾನೇ ಒಳಗಿನಿಂದ ಹಾಕಿದ ಅಗುಳಿ ಹಾಕಿದ ಹಾಗೇ ಇತ್ತು. ಮತ್ತೆ ಮೇಲೆ ಬಂದಾಗ ಬುಗುರಿ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

"ಅತ್ತೆ, ನೀನು ಅಲ್ಲಾಡಿದೆ."

ಹಳೆಯ ಮನೆ, ಬಿಸಿಲಿಗೆ ಮರ ಹಿಗ್ಗುತ್ತದೆ, ಸದ್ದು ಮಾಡುತ್ತದೆ. ಇದನ್ನು ನಿನ್ನೆಯಿಂದ ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಆದರೂ ಕೇಳುತ್ತೇನೆ, ಹುಚ್ಚಿ ಅಂದರೂ ಪರವಾಗಿಲ್ಲ: ಬುಧವಾರ ಮೂರು ಗಂಟೆಗೆ ನೀನು ಏನು ಮಾಡುತ್ತಿದ್ದೆ?

ನಿನ್ನ
ಅತ್ತಿಗೆ

*

ಅಕ್ಟೋಬರ್ ೮, ಭಾನುವಾರ

ಪ್ರೀತಿಯ ತಂಗಿಗೆ,

ಮತ್ತೆ ತಡ, ಮತ್ತೆ ಕ್ಷಮೆ. ಈ ಸಲ ಸೋಮಾರಿತನವಲ್ಲ, ಓಡಾಟ. ಮೊದಲೇ ಹೇಳಿಬಿಡುತ್ತೇನೆ, ಮಗು ಈಗ ಅಪಾಯದಲ್ಲಿಲ್ಲ. ಧೈರ್ಯವಾಗಿ ಓದು.

ನಿನ್ನ ಉತ್ತರ ಸಿಕ್ಕಿತು. ಆ ಹೊತ್ತಿಗೆ ಹಾಸಿಗೆಯಲ್ಲೇ ಇದ್ದೆ, ಎಲ್ಲೂ ಹೋಗಿಲ್ಲ, ಎದ್ದು ಹೊರಟುಬಿಡಬೇಕು ಅನ್ನಿಸಿದ್ದು ಮಾತ್ರ ನಿಜ ಅಂತ ಬರೆದಿದ್ದೀಯ. ಅದರ ಬಗ್ಗೆ ನಾನು ಇನ್ನು ಯೋಚಿಸುವುದಿಲ್ಲ. ಯೋಚಿಸಿದರೆ ಆ ಮೆಟ್ಟಿಲು ಹತ್ತಲು ನನಗೇ ಕಾಲು ಬರುವುದಿಲ್ಲ.

ನಿನ್ನ ಪತ್ರ ಬಂದ ಮರುದಿನ ಸ್ನಾನ ಮಾಡಿಸಲು ಕರೆದೆ. ಈಚೆಗೆ ತಾನೇ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಳು, ದೊಡ್ಡವಳಾಗುತ್ತಿದ್ದಾಳೆ ಅಂತ ಸುಮ್ಮನಿದ್ದೆ. ಆ ದಿನ ಅವಳ ಮೈ ಬೆಚ್ಚಗಿತ್ತು, ಒಬ್ಬಳನ್ನೇ ಬಿಡಲಿಲ್ಲ. ಕಾಲುಚೀಲ ಎಳೆದರೆ ಬರುತ್ತಿಲ್ಲ. ಎರಡು ಕಾಲಿನ ಬೆರಳುಗಳನ್ನೂ ದಾರದಿಂದ ಒಂದಕ್ಕೊಂದು ಸೇರಿಸಿ ಬಿಗಿದಿದ್ದಳು. ನನ್ನ ಅಂಗಡಿಯ ಮೇಣ ಹಚ್ಚಿದ ದಾರ, ತಂಗಿ. ಪುಸ್ತಕ ನೂರು ವರ್ಷ ಬಿಚ್ಚದಿರಲಿ ಅಂತ ನಾನು ಹಾಕುವ ಗಂಟು. ನನ್ನ ಬೆನ್ನ ಹಿಂದೆ ನಿಂತು ನೋಡಿಯೇ ಕಲಿತಿದ್ದಾಳೆ. ಹೆಬ್ಬೆರಳೆರಡೂ ನೇರಳೆ ಬಣ್ಣಕ್ಕೆ ತಿರುಗಿದ್ದವು, ಒಂದು ಕಡೆ ದಾರ ಚರ್ಮದೊಳಗೆ ಇಳಿದು ಕೀವು ಕಟ್ಟಿತ್ತು.

"ಯಾಕೆ ಕಟ್ಕೊಂಡೆ ಕಂದಾ?"

"ಒಳಗೊಳಗೇ ಅಲ್ಲಾಡ್ತಾವೆ ಅತ್ತೆ. ನಾನು ಬೇಡ ಅಂದ್ರೂ ಅಲ್ಲಾಡ್ತಾವೆ."

ನಾನು ಕೂಗಿದ ಕೂಗಿಗೆ ನನ್ನ ತಮ್ಮ ಎದ್ದು ಬಂದ. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದವನು ಅವಳ ಕಾಲ ಬಳಿ ಬಂದು ಕೂತ. ನಾನು ಕತ್ತರಿ ತಂದೆ. ಅವನೇ ಕತ್ತರಿ ತೆಗೆದುಕೊಂಡು ಒಂದೊಂದೇ ಗಂಟು ಬಿಡಿಸಿದ. ಬಿಡಿಸುತ್ತಾ, "ಅಕ್ಕಾ, ನಮ್ಮಮ್ಮ ನನ್ನ ಕಾಲನ್ನ ಮಂಚಕ್ಕೆ ಕಟ್ತಿದ್ಲು, ನೆನಪಿದೆಯಾ? ನೀನು ಶಾಲೆಯಿಂದ ಬಂದು ಬಿಚ್ತಿದ್ದೆ. ನಿನ್ನ ಕಾಲಿನ ಸದ್ದಿಗೇ ಕಾಯ್ತಿದ್ದೆ ನಾನು" ಎಂದ. ನಲವತ್ತು ದಾಟಿದ ಗಂಡಸು, ಆವತ್ತು ಮೊದಲ ಬಾರಿಗೆ ಆ ಮಾತು ಆಡಿದ್ದು.

ಮಕ್ಕಳ ಡಾಕ್ಟರ ಬಳಿಗೆ ಓಡಿದೆವು. ಬೆರಳು ಉಳಿದಿವೆ. ಔಷಧಿ, ಪಟ್ಟಿ ಎಲ್ಲ ಆದಮೇಲೆ ಅವರು ಮಗುವಿನ ಮುಂದೆ ನೆಲದ ಮೇಲೆ ಕೂತು ಬಹಳ ಹೊತ್ತು ಮಾತಾಡಿಸಿದರು. ಹೊರಗೆ ಬಂದು, "ಆಗ ಓಡ್ತಿದ್ದಾಗ ನೀವು ಕರ್ಕೊಂಡು ಬಂದ್ರಿ, ನಿಂತಾಗ ಬರಲಿಲ್ಲ" ಅಂದರು. ಬೈದದ್ದಲ್ಲ. ಅದಕ್ಕೇ ಹೆಚ್ಚು ತಾಗಿತು. ಆಮೇಲೆ, "ನನ್ನಿಂದ ಅಮ್ಮ ಹೋದ್ಲು, ನಾನು ಸರಿಯಾಗಿ ಕೂತ್ರೆ ಬರ್ತಾಳೆ ಅಂತ ಅವಳ ತಲೇಲಿ ಕೂತಿದೆ. ಎಲ್ಲಿಂದ ಬಂತು ಇದು?" ಎಂದು ಕೇಳಿದರು.

ನನ್ನ ತಮ್ಮನಿಗೆ ಟೀಚರಮ್ಮನ ಮೇಲೆ ಅನುಮಾನ ಬಂತು. ಮಾರನೆಯ ಬೆಳಿಗ್ಗೆ ಪಾಳಿ ಮುಗಿಸಿದವನೇ ನಿದ್ದೆಗೆಟ್ಟ ಕಣ್ಣಲ್ಲಿ ಶಾಲೆಗೆ ಹೋದ, ನಾಲ್ಕು ಜನರೆದುರು ಕೇಳಿದನಂತೆ. ಅವರು ಅತ್ತುಬಿಟ್ಟರಂತೆ. "ನಾನು ಹಾಗೆಲ್ಲ ಅಂದಿಲ್ಲ ಸರ್. ಆದ್ರೆ ತಪ್ಪು ನಂದೂ ಇದೆ. ಐವತ್ತೆರಡು ಮಕ್ಕಳಲ್ಲಿ ಸುಮ್ಮನಿರೋ ಮಗು ಕಣ್ಣಿಗೇ ಬೀಳಲ್ಲ. ನಾನು ನಕ್ಷತ್ರ ಬೇರೆ ಕೊಟ್ಟೆ" ಅಂದರಂತೆ. ಇವನು ತಲೆ ತಗ್ಗಿಸಿಕೊಂಡು ಬಂದ.

ಈಗ ಮನೆ ಬದಲಾಗಿದೆ, ತಂಗಿ. ತಮ್ಮ ಗೋದಾಮಿನವರ ಕೈಕಾಲು ಹಿಡಿದು ಹಗಲು ಪಾಳಿಗೆ ಬಂದಿದ್ದಾನೆ. ಪರದೆಗಳನ್ನು ಇಳಿಸಿ ಅಂಗಡಿಯಲ್ಲಿ ಪುಸ್ತಕದ ರಾಶಿಗೆ ಹೊದಿಸಿದ್ದೇನೆ. ಎಂಟು ವರ್ಷದಿಂದ ಬಿಸಿಲು ಕಾಣದ ಗೋಡೆಯ ಮೇಲೆ ನೀನು ಬಸುರಿಯಿದ್ದಾಗ ಬರೆದ ಹೂಬಳ್ಳಿ ಇನ್ನೂ ಇದೆ, ನೋಡಿದೆಯಾ? ಟೀಚರಮ್ಮ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿಕೊಂಡಿದ್ದಾರೆ, ಅರ್ಧರ್ಧ ಗಂಟೆಗೆ ಒಂದೊಂದು ನೆಪ ಮಾಡಿ ಎಬ್ಬಿಸುತ್ತಾರೆ, ಸೀಮೆಸುಣ್ಣ ತಾ, ಹಾಜರಿ ಪುಸ್ತಕ ಕೊಟ್ಟು ಬಾ ಅಂತ. ಹೋಗುತ್ತಾಳೆ, ಬರುತ್ತಾಳೆ, ಕೂರುತ್ತಾಳೆ. ಮತ್ತೆ ಕಲ್ಲು. "ಕುಣಿ, ಓಡು, ಯಾರೂ ಏನೂ ಅನ್ನಲ್ಲ" ಎಂದು ಅವರಪ್ಪ ತಾನೇ ಕೋಣೆ ತುಂಬ ಕುಣಿದು ತೋರಿಸಿದ. ಆ ದೇಹ ಕುಣಿದರೆ ಹೇಗಿರುತ್ತದೆ ಊಹಿಸಿಕೋ, ಕೆಳಗೆ ನನ್ನ ಅಂಟಿನ ಡಬ್ಬಗಳು ಉರುಳಿದವು. ಅವಳು ಕುರ್ಚಿಯಿಂದ ನೋಡುತ್ತಾ ಕೂತಿದ್ದಳು, ದೊಡ್ಡವರು ಮಕ್ಕಳನ್ನು ನೋಡುವ ಹಾಗೆ.

ನಿನ್ನ ಡಾಕ್ಟರಮ್ಮ ಒಪ್ಪಿದ್ದಾರೆ. ಬರುವ ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇವೆ, ಮೂವರೂ. ಎಂಟು ಗಂಟೆಯ ಬಸ್ಸು, ಮಧ್ಯಾಹ್ನದ ಹೊತ್ತಿಗೆ ಅಲ್ಲಿ. ಸೀರೆ ಯಾವುದಾದರೂ ಪರವಾಗಿಲ್ಲ, ಕೂದಲು ಬಾಚಿಕೋ. ಅವಳು ಮೊದಲು ನೋಡುವುದು ಅದನ್ನೇ.

ದೇವರು ನಿನಗೆ ಬಲ ಕೊಡಲಿ. ನಿನ್ನ ಮಡಿಲು ತಂಪಾಗಿರಲಿ.

ನಿನ್ನ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದ್ದೆ. ಅಂಟಿಸುವುದು ನನ್ನ ಕಸುಬು, ಬಿಡಿಸುವುದು ಸುಲಭವಲ್ಲ. ಆದರೂ ಹರಿದು ತೆಗೆದು ಬರೆಯುತ್ತಿದ್ದೇನೆ. ಎಲ್ಲಿಂದ ಬಂತು ಇದು ಅಂತ ಆ ಡಾಕ್ಟರು ಕೇಳಿದಾಗ ನನಗೆ ಗೊತ್ತಿತ್ತು.

ನೀನು ಹೋದ ದಿನ. ಹೇಳಿ ಹೋದರೆ ಮಗು ರಂಪ ಮಾಡುತ್ತದೆ ಅಂತ, ಅವಳು ಶಾಲೆಯಲ್ಲಿರುವಾಗ ನಿನ್ನನ್ನು ಹೊರಡಿಸಿದೆವಲ್ಲ. ಆ ಯೋಚನೆಯೂ ನನ್ನದೇ. ಎರಡು ಗಂಟೆಗೆ ಬಂದವಳು ಮೇಲೆ ಹತ್ತಿ, ಇಳಿದು, ಅಂಗಡಿಗೆ ನುಗ್ಗಿ, "ಅಮ್ಮ ಎಲ್ಲಿ? ಅಮ್ಮ ಎಲ್ಲಿ?" ಎಂದು ನನ್ನ ಸುತ್ತ ಗಿರಗಿರನೆ ತಿರುಗಿದಳು. ಒಣಗಲು ಇಟ್ಟ ಹಾಳೆಗಳ ಮೇಲೆ ಅಂಟಿನ ಡಬ್ಬ ಕೆಡವಿದಳು. ನಾನು ತೋಳು ಹಿಡಿದು ನಿಲ್ಲಿಸಿ ಹೇಳಿದೆ: "ನಿನ್ನ ಈ ಕುಣಿತಕ್ಕೇ ನಿಮ್ಮಮ್ಮ ಕಾಯಿಲೆ ಬಿದ್ದು ಮನೆ ಬಿಟ್ಟು ಹೋಗಿದ್ದು. ನೀನು ಅಲ್ಲಾಡದೆ ಕೂತ ದಿನ ಬರ್ತಾಳೆ."

ಒಂದು ಗಳಿಗೆಯ ಸಿಟ್ಟು ಅನ್ನಬಹುದಿತ್ತು. ಆದರೆ ಅವಳು ಕೂರತೊಡಗಿದಾಗ ಯಾಕೆ ಕೂತಿದ್ದಾಳೆ ಅಂತ ನನಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಿದ್ದೂ ಸುಮ್ಮನಿದ್ದೆ. ಮನೆ ನಿಶ್ಶಬ್ದವಾಗಿತ್ತು, ಕೆಲಸ ಸಾಗುತ್ತಿತ್ತು, ಆ ನಿಶ್ಶಬ್ದ ನನಗೆ ಹಿತವಾಗಿತ್ತು. ನಿನಗೆ ಹಿಗ್ಗಿನಿಂದ ಬರೆದೆನಲ್ಲ ಆ ಮೊದಲ ಪತ್ರ, ಎಲ್ಲ ತಿಳಿದೇ ಬರೆದದ್ದು. ನನ್ನ ತಮ್ಮ ಆ ಟೀಚರಮ್ಮನನ್ನು ಕೇಳಲು ಹೊರಟಾಗಲೂ ಬಾಗಿಲಲ್ಲಿ ನಿಂತು ಅವನ ಚಪ್ಪಲಿ ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ.

ಈಗ ಅವನಿಗೆ ಹೇಳಿದ್ದೇನೆ. ಈ ಸಲ ಎದ್ದು ಹೋಗಿ ನೀರು ಕುಡಿಯಲಿಲ್ಲ. ಆಮೇಲೆ ಅವಳಿಗೂ ಹೇಳಿದೆ. ಅವಳ ಕುರ್ಚಿಯ ಮುಂದೆ ಕೂತು, ಅತ್ತೆ ಸುಳ್ಳು ಹೇಳಿದೆ, ಅಮ್ಮನಿಗೆ ಹುಷಾರಿರಲಿಲ್ಲ, ಅದು ನಿನ್ನಿಂದ ಅಲ್ಲವೇ ಅಲ್ಲ, ನೀನು ಕೂತರೂ ಕುಣಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು.

"ಹಾಗಾದ್ರೆ ಅಮ್ಮ ಸುಮ್ನೆ ಹೋದ್ಲಾ?"

ಅವಳು ಕುರ್ಚಿಯಿಂದ ಇಳಿದಳು. ಪಟ್ಟಿ ಕಟ್ಟಿದ ಕಾಲಲ್ಲೇ ಒಳಕೋಣೆಗೆ ಓಡಿದಳು. ಬೀರುವಿನ ಬಾಗಿಲು ತೆಗೆದು ನಿನ್ನ ಸೀರೆಗಳ ನಡುವೆ ಕೈ ಹಾಕಿದಳು. ಮಂಚದ ಕೆಳಗೆ ಬಗ್ಗಿ ನೋಡಿದಳು. ಬಚ್ಚಲು, ಅಡುಗೆಮನೆ, ನೀರಿನ ಹಂಡೆಯ ಹಿಂದೆ. ನೀನು ಹೋದ ದಿನ ನಾನು ಹುಡುಕಲು ಬಿಟ್ಟಿರಲಿಲ್ಲವಲ್ಲ. ಮೂರು ತಿಂಗಳಾದ ಮೇಲೆ ಈಗ ಹುಡುಕುತ್ತಿದ್ದಾಳೆ.

ಕೆಳಗೆ ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡೇ ಕೋಣೆಯ ಮನೆ, ಇರುವುದು ನಾಲ್ಕೇ ಬಾಗಿಲು. ಒಂದು ಗಂಟೆಯಿಂದ ಅವನ್ನೇ ತೆಗೆಯುತ್ತಿದ್ದಾಳೆ, ಬಡಿಯುತ್ತಿದ್ದಾಳೆ, ಮತ್ತೆ ತೆಗೆಯುತ್ತಿದ್ದಾಳೆ. ಅವರಪ್ಪ ಅವಳ ಹಿಂದೆ ಹಿಂದೆಯೇ ನಡೆಯುವ ಸದ್ದೂ ಕೇಳುತ್ತಿದೆ. ಯಾರೂ "ಶ್" ಅನ್ನುತ್ತಿಲ್ಲ.